ಹೊರಮೈಗೆ ಹಚ್ಚಿದ ಕಲಾಯಿ

ಹೋದ ತಿಂಗಳು ಯಾದಗಿರಿಯಲ್ಲಿ ಬಸ್ಸಿಗೆ ಕಾಯುತ್ತ ಒಂದು ಬೆಸುಗೆ ಅಂಗಡಿಯ ಮುಂದೆ ನಿಂತಿದ್ದೆ. ಒಳಗಿದ್ದವನು ಕಾದ ಸಲಾಕೆಯನ್ನು ನವಸಾಗರದ ಉಪ್ಪಿನ ಗಟ್ಟಿಗೆ ಒತ್ತಿದ. ಚುಸ್ ಅಂತ ಬಿಳಿ ಹೊಗೆ ಎದ್ದು ನೇರ ನನ್ನ ಮೂಗಿಗೆ ಬಂತು. ಮೂಗು ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಆದರೂ ಇನ್ನೊಮ್ಮೆ ಎಳೆದುಕೊಳ್ಳಬೇಕು ಅನ್ನಿಸುವ ವಾಸನೆ ಅದು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಸುರಪುರದ ನಮ್ಮ ಓಣಿಯ ಕಲಾಯಿ ಆಯಿ ಕಣ್ಣ ಮುಂದೆ ತಿದಿ ಒತ್ತುತ್ತ ಕೂತುಬಿಟ್ಟಿದ್ದಳು...

ಕಲಾಯಿ ಆಕೆಯ ಗಂಡನ ಕಸುಬು. ಗಂಡ ತೀರಿಕೊಂಡ ವರ್ಷ, ಹೆಣ್ಣುಮಗಳು ತಿದಿ ಹಿಡಿಯುವುದೇ ಅಂತ ಓಣಿಯವರು ಮೂಗು ಮುರಿದರಂತೆ. ಆಕೆ ಮನೆಯ ಮುಂದಿನ ಕಟ್ಟೆಯ ಪಕ್ಕ ಕುಣಿ ತೋಡಿ ಇದ್ದಿಲು ತುಂಬಿದಳು. ನಾನು ನೋಡುವ ಹೊತ್ತಿಗೆ ಊರಿನ ಅರ್ಧ ಪಾತ್ರೆಗಳು ಆಕೆಯ ಕೈಯಲ್ಲೇ ಬೆಳ್ಳಗಾಗುತ್ತಿದ್ದವು. ಹಿತ್ತಾಳೆ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು, ಎಲ್ಲಿ ತೆಳುವಾಗಿದೆ ಅಂತ ಹೇಳುತ್ತಿದ್ದಳು. ಕಲಾಯಿ ಅಂದರೆ ಪಾತ್ರೆಯ ಒಳಮೈಗೆ ಹಚ್ಚುವ ತವರ. ಅದಿಲ್ಲದಿದ್ದರೆ ಹುಳಿ ಸಾರು ವಿಷವಾಗುತ್ತದೆ. ಯಾರಾದರೂ ಹೊಸ ಸೊಸೆ ಹುರುಪಿನಲ್ಲಿ, ಹೊರಗೂ ಒಂದಿಷ್ಟು ಹಚ್ಚಿಕೊಡು ಅಂದರೆ ಆಯಿಗೆ ಸಿಟ್ಟು ಬರುತ್ತಿತ್ತು.

“ಹೊಟ್ಟಿಗೆ ಹೋಗೂದು ಒಳಗಿಂದು. ಹೊರಗಿಂದು ನೀನ ತಿಕ್ಕೋವಾ,” ಅನ್ನುತ್ತಿದ್ದಳು. ಅದು ಆಕೆಯ ಕಾನೂನು. ನಾನು ಆ ಕಾನೂನು ಮುರಿಸಿದವನು.

ಅದು ನಿಜಾಮನ ಕೊನೆಗಾಲ. ನಾನು ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ನಮ್ಮದು ಕುರಿ ಕಾಯುವ ಮನೆತನ. ನಮ್ಮಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲ ಕೈ ನನ್ನದು. ಈ ಮಾತನ್ನು ನಾನು ಇಂದಿಗೂ ಸಂಕೋಚವಿಲ್ಲದೆ ಹೇಳುತ್ತೇನೆ. ಹಟ್ಟಿಯಲ್ಲಿ ಕೂತು, ಕುರಿಯ ವಾಸನೆಯ ನಡುವೆ, ಪರಭಾಷೆಯ ಪುಸ್ತಕ ಬಾಯಿಪಾಠ ಮಾಡಿ ಗಳಿಸಿದ್ದು ಅದು. ಆದರೆ ಬಿ.ಎ. ಆದ ಮೇಲೆ ಒಂದೂವರೆ ವರ್ಷ ನೌಕರಿ ಇಲ್ಲ. ಊರಿನ ಒಬ್ಬ ವಕೀಲ ಸಾಹೇಬರ ಮನೆಯಲ್ಲಿ ಅರ್ಜಿ ಬರೆದುಕೊಂಡಿದ್ದೆ. ಅಪ್ಪ ಏನೂ ಅನ್ನುತ್ತಿರಲಿಲ್ಲ. ಆದರೆ ನಮ್ಮ ಕುಲದವರು, “ಓದಿಸಿ ಏನಾತು, ಕುರಿನೂ ಹೋತು, ಕೋಲೂ ಹೋತು” ಅಂತ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ನಾನು ಸೋತರೆ ಹಟ್ಟಿಯ ಇನ್ನೊಂದು ಮಗುವನ್ನು ಯಾರೂ ಶಾಲೆಗೆ ಕಳಿಸುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅಂಥದರಲ್ಲಿ ತಾಲೀಮಾತಿನ ಮೊಹತಮಿಮ್ ಸಾಹೇಬರು ಸುರಪುರಕ್ಕೆ ಬರುತ್ತಾರೆ ಅಂತ ಸುದ್ದಿ ಬಂತು. ಜಿಲ್ಲೆಯ ಶಾಲೆಗಳಿಗೆಲ್ಲ ಅವರೇ ಮೇಲಿನವರು, ಮಾಸ್ತರರನ್ನು ನೇಮಿಸುವ ಕೈ ಅವರದು. ಯಾದಗಿರಿ ಸ್ಟೇಷನ್ನಿನಿಂದ ಅವರನ್ನು ಕರೆತರಲು ವಕೀಲರು ತಮ್ಮ ಮೋಟಾರು ಕೊಡಲು ಒಪ್ಪಿದರು. ನನಗೆ ಹೇಳಿದರು: ನೀನೇ ಹೋಗು, ದಾರಿ ಉದ್ದ ಇದೆ, ನಿನ್ನ ಮಾತು ನೀನೇ ಆಡಿಕೋ. ಆದರೆ ಗಾಡಿ ದನದ ಕೊಟ್ಟಿಗೆಯಿಂದ ಎದ್ದು ಬಂದಂತೆ ಕಾಣಬಾರದು, ನಾನು ಬಂದು ನೋಡಿಯೇ ಕಳಿಸುತ್ತೇನೆ. ಹೀಗೆ ಹೇಳಿ ಅವರು ಕಲಬುರ್ಗಿಯ ಕಚೇರಿಗೆ ಹೋದರು. ಮೂರು ದಿನ ಸಮಯ.

ಗಾಡಿ ನಿಜಕ್ಕೂ ದನದ ಕೊಟ್ಟಿಗೆಯಲ್ಲೇ ಇತ್ತು. ಯುದ್ಧದಿಂದಾಗಿ ಪೆಟ್ರೋಲಿಗೆ ಚೀಟಿ, ಹಾಗಾಗಿ ಎರಡು ಮಳೆಗಾಲ ಎತ್ತುಗಳ ಪಕ್ಕ ನಿಂತಿತ್ತು. ಗಂಜಲದ ಝಳಕ್ಕೆ ಮುಂದಿನ ಚೌಕಟ್ಟು, ಬಾಗಿಲ ಹಿಡಿಕೆ, ದೀಪಗಳ ಸುತ್ತಲಿನ ಬಳೆ ಎಲ್ಲ ಮಂಕಾಗಿ, ಅಲ್ಲಲ್ಲಿ ಹಸಿರು ಕಟ್ಟಿದ್ದವು. ಡ್ರೈವರ್ ಇಂಜಿನ್ ನೋಡಿಕೊಳ್ಳುತ್ತೇನೆ ಅಂದ. ಹೊಳಪಿನ ಕೆಲಸ ನನ್ನದಾಯಿತು.

ಅದರಲ್ಲಿ ಏನಿದೆ ಅಂದುಕೊಂಡೆ. ಅವ್ವ ಕೊಡ ತಿಕ್ಕುವುದನ್ನು ನೋಡಿ ಬೆಳೆದವನು ನಾನು. ಹುಣಸೆಹಣ್ಣು, ಉಪ್ಪು, ಇಟ್ಟಿಗೆ ಪುಡಿ ತಂದು ಬಲಗಡೆಯ ದೀಪದ ಬಳೆಯಿಂದ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಬಿಳಿಯ ಕೆಳಗಿಂದ ಹಳದಿ ಮಿಂಚಿತು. ನನಗಾದ ಖುಷಿ ಹೇಳತೀರದು. ಬಿಳಿ ಇರುವುದೆಲ್ಲ ಕಿಲುಬು, ಒಳಗೆ ಚಿನ್ನದಂಥ ಹಿತ್ತಾಳೆ ಅಡಗಿದೆ ಅಂತ ತಿಳಿದು ಇನ್ನೂ ಜೋರಾಗಿ ತಿಕ್ಕಿದೆ. ನಮ್ಮ ಮನೆಯಲ್ಲಿ ಹೊಳೆಯುವುದೆಲ್ಲ ಹಳದಿಯೇ ಇತ್ತು. ಬಿಳಿಯೇ ಅದರ ಬೆಲೆಬಾಳುವ ಹೊದಿಕೆ, ನಿಕಲ್ಲಿನ ನೀರು ಕೊಟ್ಟದ್ದು ಅಂತ ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಮಧ್ಯಾಹ್ನ ಡ್ರೈವರ್ ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತ. ಗಾಡಿಯ ಒಂದು ಕಣ್ಣಿಗೆ ಕಾಮಾಲೆ ಬಂದಂತಿತ್ತು.

ಆ ಬಳೆ ಬಿಚ್ಚಿಸಿಕೊಂಡು, ಧೋತರದ ಸೆರಗಿನಲ್ಲಿ ಮುಚ್ಚಿಕೊಂಡು ಆಯಿಯ ಕಟ್ಟೆಗೆ ಹೋದೆ. ಆಕೆ ಅದನ್ನು ತಿರುಗಿಸಿ, ಉಗುರಿನಿಂದ ಅಂಚು ಕೆರೆದು ನೋಡಿದಳು. ಯಾರು ಮಾಡಿದ್ದು ಅಂತ ಕೇಳಲಿಲ್ಲ; ನನ್ನ ಬೆರಳುಗಳ ಕೆಂಪು ನೋಡಿಯೇ ತಿಳಿದಳು.

“ಬಿ.ಎ. ಸಾಹೇಬ, ಇದು ಮೈ ಅಲ್ಲೊ, ಅಂಗಿ. ಮೈ ತಿಕ್ಕಿದಂಗ ಅಂಗಿ ತಿಕ್ಕಿದ್ರ ಹರೀತದ.”

ತವರ ಹಚ್ಚಿ ಬೆಳ್ಳಗೆ ಮಾಡಿಕೊಡು ಅಂದೆ. ಹೊರಗ ಹಚ್ಚೂದಿಲ್ಲ ಅಂದಳು. ಬೇಡಿಕೊಂಡೆ. ತಿದಿಯ ಮೇಲಿನ ಕೈ ಅಲುಗಲಿಲ್ಲ. ಆಗ ನನಗೂ ಸಿಟ್ಟು ಬಂತು.

“ಆಯಿ, ನಮ್ಮಂಥೋರನ್ನ ಹೊರಗ ನೋಡೇ ಒಳಗ ಕರೀತಾರ. ಹೈದರಾಬಾದಿನಾಗ ನಾ ಇನ್ನೊಬ್ಬನ ಶೇರ್ವಾನಿ ಹಾಕ್ಕೊಂಡು ಪರೀಕ್ಷಾಕ್ಕ ಹೋಗೇನಿ. ಒಳಗ ಏನದ ಅಂತ ತೋರ್ಸಾಕರೆ ಬಾಗಿಲು ತೆಗೀಬೇಕಲ್ಲ?”

ಆಕೆ ಬಳೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಇದ್ದಿಲು ಕೆದಕಿದಳು. ನಲವತ್ತು ವರ್ಷದಲ್ಲಿ ಇದು ಮೊದಲನೆಯದು, ಯಾರಿಗೂ ಹೇಳಬೇಡ, ನಾಳೆ ಸೊಸೆಯಂದಿರೆಲ್ಲ ಕೊಡ ಹೊತ್ತು ಬರುತ್ತಾರೆ ಅಂದಳು.

ಆ ಕೆಲಸ ನೋಡಿದ್ದೇ ನನ್ನ ಭಾಗ್ಯ. ಪಾತ್ರೆಯ ಒಳಗಾದರೆ ಕರಗಿದ ತವರ ತಾನೇ ತಳಕ್ಕೆ ನಿಲ್ಲುತ್ತದೆ, ಅರಳೆಯಿಂದ ತೀಡಿದರೆ ಸಾಕು. ಹೊರಮೈ ಮೇಲೆ ಅದು ನಿಲ್ಲುವುದಿಲ್ಲ, ಜಾರಿ ಬೂದಿಗೆ ಬೀಳುತ್ತದೆ. ಮೊದಲ ಸಲ ಹಾಗೇ ಆಯಿತು. ಎರಡನೆಯ ಸಲ ಗಂಟು ಕಟ್ಟಿತು. ಆಕೆ ಎರಡೂ ಸಲ ತವರ ಒರೆಸಿ ತೆಗೆದು, ಬೈಯದೆ, ಅವಸರ ಮಾಡದೆ ಮೊದಲಿನಿಂದ ಶುರು ಮಾಡಿದಳು. ಮೂರನೆಯ ಸಲ ಬಳೆಯನ್ನು ಬೋರಲು ಹಾಕಿ, ಕೆಂಡವನ್ನು ಒಂದೇ ಮಗ್ಗುಲಿಗೆ ಎಳೆದು, ಬೆರಳಗಲ ಕಾಯಿಸುವುದು, ನವಸಾಗರ ಉದುರಿಸುವುದು, ತವರದ ಕಡ್ಡಿ ಮುಟ್ಟಿಸುವುದು, ತಕ್ಷಣ ಅರಳೆಯಿಂದ ಎಳೆಯುವುದು... ಹೀಗೆ ಬೆರಳಗಲ ಬೆರಳಗಲ ತಿರುಗಿಸುತ್ತ ಹೋದಳು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಗೊತ್ತಾಗದಂತೆ ಬಳೆ ಬೆಳದಿಂಗಳಾಯಿತು.

ಮರುದಿನ ಉಳಿದ ಭಾಗಗಳಿಗೆ ಆಕೆಯೇ ವಕೀಲರ ಮನೆಗೆ ಬಂದಳು. ಹುಣಸೆಹಣ್ಣು, ಇಟ್ಟಿಗೆ ಪುಡಿ ಎರಡನ್ನೂ ದೂರ ಎಸೆಸಿದಳು. ಮೆತ್ತನೆಯ ಹಳೆ ಧೋತರ, ನಾಲ್ಕು ಹನಿ ಕುಸುಬಿ ಎಣ್ಣೆ, ಮತ್ತೆ ಮುರಿದ ವಿಭೂತಿ ಗಟ್ಟಿಗಳ ಪುಡಿಯನ್ನು ಬಟ್ಟೆಯಲ್ಲಿ ಮೂರು ಸಲ ಸೋಸಿದ್ದು, ಇಷ್ಟೇ ಆಕೆಯ ಸಾಮಾನು. ಒತ್ತದೆ, ಕೂಸಿನ ಮುಖ ಒರೆಸಿದಂತೆ ಒರೆಸುತ್ತಿದ್ದಳು. ಡ್ರೈವರಿಗೆ ನಗು ತಡೆಯಲಾಗಲಿಲ್ಲ.

“ಆಯಿ, ಈಬತ್ತಿ ಆತು, ಇನ್ನ ಮೋಟಾರಿಗಿ ಲಿಂಗಾನೂ ಕಟ್ಟತೀರೇನ್ರಿ?”

“ಕಟ್ಟತೀನಪ್ಪ. ಮೊದಲ ಅದಕ್ಕ ಹೊಗಿ ಬಿಡೂದು ಬಿಡ್ಸು.”

ಸಂಜೆಯ ಹೊತ್ತಿಗೆ ಗಾಡಿಯ ಮೂತಿ ಬೆಳ್ಳಗಾಗಿತ್ತು. ಬಳೆಯನ್ನು ಕೂರಿಸಿ ನೋಡಿದರೆ ಹೊಸ ತೊಂದರೆ. ಆಯಿಯ ತವರ ಪಕ್ಕದ ಹಳೆಯ ನಿಕಲ್ಲಿಗಿಂತ ಎಷ್ಟೋ ಪಾಲು ಹೆಚ್ಚು ಹೊಳೆಯುತ್ತಿತ್ತು. ಮುದುಕಿಯ ಪಕ್ಕ ಮದುಮಗಳು ಕೂತಂತೆ. ನನಗೆ ಅದೇ ಚೆಂದ ಅನ್ನಿಸಿತು, ಇರಲಿ ಬಿಡು ಅಂದೆ. ಆಕೆ ಒದ್ದೆ ಬಟ್ಟೆಗೆ ಒಲೆಯ ಬೂದಿ ಹಚ್ಚಿ, ಹಿಂದಿನ ದಿನ ಬೆವರು ಸುರಿಸಿ ತಂದ ಹೊಳಪನ್ನು ತಾನೇ ಕೈಯಾರೆ ಮಂಕು ಮಾಡತೊಡಗಿದಳು. ಸ್ವಲ್ಪ ಒರೆಸುವುದು, ದೂರ ಹೋಗಿ ಎರಡೂ ದೀಪ ನೋಡುವುದು, ಮತ್ತೆ ಬಂದು ಒರೆಸುವುದು. ಎರಡೂ ಒಂದೇ ವಯಸ್ಸಿನವಾದ ಮೇಲೆ ಬಟ್ಟೆ ಕೊಡವಿದಳು. ತನ್ನ ಕೆಲಸ ಕಾಣಬಾರದು ಅಂತ ಅಷ್ಟು ಕಷ್ಟಪಟ್ಟವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೂ ಹೆಚ್ಚು ಮಂದಿಯನ್ನು ನೋಡಲಿಲ್ಲ.

ವಕೀಲರು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹೂಂ, ಹೋಗಿ ಬಾ ಅಂದರು. ನಾನು ಬಳೆಯ ಸಂಗತಿ ಹೇಳಲಿಲ್ಲ. ಅದು ನನ್ನ ಅಂಜುಬುರುಕತನ, ಬೇರೆ ಹೆಸರು ಬೇಡ.

ಮೊಹತಮಿಮ್ ಸಾಹೇಬರು ಯಾದಗಿರಿಯಲ್ಲಿ ಇಳಿದವರು ಗಾಡಿಯನ್ನು ಕಣ್ಣೆತ್ತಿ ಸಹ ನೋಡಲಿಲ್ಲ. ಹಿಂದೆ ಕೂತು, ಧೂಳಿಗೆ ಕರವಸ್ತ್ರ ಹಿಡಿದು ನಿದ್ದೆ ಹೋದರು. ನಾನು ಉರ್ದುವಿನಲ್ಲಿ ಜೋಡಿಸಿಟ್ಟುಕೊಂಡ ಮಾತೆಲ್ಲ ಹಾಗೇ ಉಳಿಯಿತು. ಶಹಾಪುರದಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ ಅವರು ಇಳಿದು ಮುಂದೆ ಬಂದು ನಿಂತರು. ಇಷ್ಟು ಹಳೆಯ ಗಾಡಿಗೆ ಇಷ್ಟು ಒಳ್ಳೆಯ ಹೊಳಪು ಹೇಗೆ, ನೀವು ಮಾಡಿಸಿದ್ದೇ ಅಂತ ಕೇಳಿದರು. ಹೌದು ಹುಜೂರ್ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬರಲಿಲ್ಲ. ಬೂದಿ ಹಚ್ಚಿ ತನ್ನ ಹೊಳಪು ತಾನೇ ಆರಿಸಿದ ಆ ಕೈ ಕಣ್ಣ ಮುಂದೆ ಬಂತು. ಎಲ್ಲ ಹೇಳಿಬಿಟ್ಟೆ. ಹುಣಸೆಹಣ್ಣು, ನನ್ನ ದಡ್ಡತನ, ಆಯಿ, ವಿಭೂತಿ, ಬೂದಿ, ಯಾವ ದೀಪ ಅನ್ನುವುದೊಂದನ್ನು ಬಿಟ್ಟು ಯಾವುದನ್ನೂ ಬಿಡಲಿಲ್ಲ.

ಸಾಹೇಬರು ಕನ್ನಡಕ ಏರಿಸಿಕೊಂಡು ಎರಡೂ ದೀಪದ ಮುಂದೆ ಬಗ್ಗಿ ಬಹಳ ಹೊತ್ತು ಪರೀಕ್ಷೆ ಮಾಡಿದರು. ಕೊನೆಗೆ ಎಡಗಡೆಯದನ್ನು ಬೆರಳಿನಿಂದ ಬಡಿದು, ಇದೇ ಹೊಸದು ಅಂದರು.

ಜನಾಬ್, ಅದು ಹಳೆಯದು ಅಂದೆ. ಡ್ರೈವರ್ ನೀರಿನ ಡಬ್ಬಿಯ ಹಿಂದೆ ಮುಖ ಅಡಗಿಸಿದ. ಸಾಹೇಬರು ನನ್ನ ಕಡೆ ತಿರುಗಿ ಜೋರಾಗಿ ನಕ್ಕರು. ಶಾಲೆಯಲ್ಲಿ ಏನು ಕಲಿಸಬಲ್ಲಿರಿ ಅಂತ ಕೇಳಿದ್ದು ಆಮೇಲೆ. ಅಲ್ಲಿಂದ ಸುರಪುರದವರೆಗೆ ಅವರು ನಿದ್ದೆ ಮಾಡಲಿಲ್ಲ.

ತಿಂಗಳೊಳಗೆ ಹುಕುಂ ಬಂತು, ಶಹಾಪುರದ ಶಾಲೆಗೆ. ವಕೀಲರಿಗೆ ಆಗ ಎಲ್ಲ ಒಪ್ಪಿಕೊಂಡೆ. ಅವರು ಎದ್ದು ಹೋಗಿ ಬಳೆ ನೋಡಿ ಬಂದು ತಮ್ಮ ಕಾಗದ ಎತ್ತಿಕೊಂಡರು. ಹುಕುಮನ್ನು ಆಯಿಗೆ ತೋರಿಸಲು ಹೋದಾಗ ಆಕೆಯ ಕೈ ಮಸಿಯಾಗಿತ್ತು. ನಾನೇ ಹಿಡಿದು ತೋರಿಸಿದೆ. ಪಾತ್ರೆ ನೋಡಿದಂತೆ ಹಿಂದೆ ಮುಂದೆ ತಿರುಗಿಸಿ ತೋರಿಸಲು ಹೇಳಿದಳು.

“ಹೊರಗಿಂದು ಆತು, ತಮ್ಮಾ. ಒಳಗಿಂದು ನಿನ್ನ ಕೆಲಸ,” ಅಂದಳು. ಆಮೇಲೆ ಸಾಹೇಬರು ಯಾವ ದೀಪ ತೋರಿಸಿದರು ಅಂತ ಕೇಳಿದಳು. ಹೇಳಿದೆ. ಕೆಮ್ಮು ಬರುವವರೆಗೆ ನಕ್ಕಳು. “ಎಡಗಡಿದು ಅಂದ್ನಾ? ಇನ್ನೊಮ್ಮಿ ಹೇಳು.” ಮೂರು ಸಲ ಹೇಳಿಸಿಕೊಂಡಳು.

ನಮ್ಮ ಹಟ್ಟಿಯಿಂದ ಮರುವರ್ಷ ಇಬ್ಬರು ಶಾಲೆಗೆ ಸೇರಿದರು. ನಿಜಾಮ ಹೋದ. ಮನೆಮನೆಗೆ ಸ್ಟೀಲು ಬಂತು. ಆಯಿ ತೀರಿಕೊಂಡದ್ದು ನನಗೆ ತಿಳಿದದ್ದು ಎಂಟು ದಿನದ ಮೇಲೆ. ಪರೀಕ್ಷೆಯ ಕೆಲಸದಲ್ಲಿದ್ದೆ ಅಂತ ಓಣಿಯವರಿಗೆ ಹೇಳಿದೆ. ಅದು ನಿಜವೇ. ಆದರೂ ಆಕೆಯ ಮಣ್ಣಿಗೆ ನಾನು ಹೋಗಲಿಲ್ಲ ಅನ್ನುವುದೂ ನಿಜವೇ...

ಶಹಾಪುರದ ಸಂಗತಿಯನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಮಕ್ಕಳು ಕೇಳಿ ನಗುತ್ತಾರೆ, ಮೊಮ್ಮಕ್ಕಳು ಮುಗಿಯುವ ಮೊದಲೇ ಏಳುತ್ತಾರೆ. ಎಡಗಡೆಯ ದೀಪದ ಹತ್ತಿರ ಬಂದಾಗ ನಾನು ಇಂದಿಗೂ ಒಂದು ಗಳಿಗೆ ನಿಲ್ಲುತ್ತೇನೆ. ಇನ್ನೊಮ್ಮೆ ಹೇಳು ಅಂತ ಯಾರೂ ಅನ್ನುವುದಿಲ್ಲ.