ಹಳದಿ ನೂಲು ಯಾವ ಊರಿಗೆ?

ನಮ್ಮ ಪಾರ್ಸೆಲ್ ಆಫೀಸಿಗೆ ಕಂಪ್ಯೂಟರ್ ಬೇಕೆಂದು ಮೊದಲು ಕೇಳಿದವರು ಮರ್ದಾನಸಾಬರು. ಹೀಗಂದರೆ ಗದಗಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅವರ ಪಕ್ಕದ ಕುರ್ಚಿಯಲ್ಲಿ ಬುಕಿಂಗ್ ಗುಮಾಸ್ತನಾಗಿ ಆಯುಷ್ಯ ಸವೆಸಿದವನು ನಾನು, ಚನ್ನಬಸವಣ್ಣ. ನನಗೆ ಗೊತ್ತು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಗೆ ಹೋಗುವ ಸಾಮಾನನ್ನೆಲ್ಲ ಊರುವಾರು ಬೇರ್ಪಡಿಸುವುದು ಸಾಬರ ಕೆಲಸ. ಬೆಟಗೇರಿಯ ಸೀರೆ, ಪ್ರೆಸ್ಸಿನ ಕ್ಯಾಲೆಂಡರು, ಔಷಧಿ, ನೀರಿನ ಪಂಪಿನ ಸಾಮಾನು, ಏನೇ ಬಂದರೂ ಅವರ ಕೈ ದಾಟಿಯೇ ಗಾಡಿ ಹತ್ತಬೇಕು. ಹಮಾಲರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಅದಕ್ಕೆ ಸಾಬರೇ ಒಂದು ದಾರಿ ಹುಡುಕಿದ್ದರು. ಅವರ ಹೆಂಡತಿ ಅಮೀನಬಿ ಬೆಟಗೇರಿಯ ಮಗ್ಗದ ಮನೆಗಳಲ್ಲಿ ಕಂಡಿಕೆಗೆ, ಅಂದರೆ ನೇಯುವ ಕೊಳವೆಗೆ, ನೂಲು ಸುತ್ತುತ್ತಿದ್ದರು. ಅಲ್ಲಿ ಉಳಿದ ಬಣ್ಣದ ನೂಲಿನ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದರು. ಲಕ್ಷ್ಮೇಶ್ವರಕ್ಕೆ ಹಸಿರು, ಮುಂಡರಗಿಗೆ ಹಳದಿ, ಶಿರಹಟ್ಟಿಗೆ ಕೆಂಪು. ಗಂಟಿನ ಮೂಲೆಗೆ ನೂಲು ಬಿಗಿದರೆ ಆಯಿತು, ಹಮಾಲರು ಬಣ್ಣ ನೋಡಿ ಹೊತ್ತೊಯ್ಯುತ್ತಿದ್ದರು.

ಉಳಿದದ್ದೆಲ್ಲ ಸಾಬರ ತಲೆಯಲ್ಲಿ. ಲಕ್ಕುಂಡಿಯಲ್ಲಿ ಇಬ್ಬರು ಅಂದಪ್ಪ ಇದ್ದಾರೆ, ಒಬ್ಬ ಗಿರಣಿ ಅಂದಪ್ಪ, ಇನ್ನೊಬ್ಬ ಬಾವಿ ಅಂದಪ್ಪ. ಒಬ್ಬನ ಗಂಟು ಇನ್ನೊಬ್ಬನಿಗೆ ಕೊಟ್ಟರೆ ಜಗಳವೇ. ಲಕ್ಷ್ಮೇಶ್ವರದ ಅತ್ತರಿನ ಅಂಗಡಿ ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ, ಪಕ್ಕದ ಬಳೆ ಅಂಗಡಿಯಲ್ಲಿ ಇಳಿಸಬೇಕು. ಹಮ್ಮಿಗಿಗೆ ಪಂಪಿನ ಸಾಮಾನು ಬಂದರೆ ಮೊದಲು ಅದೇ ಹೋಗಬೇಕು, ಬೆಳೆ ಕಾಯುತ್ತಿರುತ್ತದೆ. ಸಂಜೆ ಗಾಡಿಗಳು ಹೊರಟ ಮೇಲೆ ನಾವಿಬ್ಬರೂ ಖಾಲಿ ನೆಲದ ಮೇಲೆ ಕೂತು ಚಹಾ ಕುಡಿಯುತ್ತ ಇವನ್ನೇ ಮಾತಾಡುತ್ತಿದ್ದೆವು. ಸಾಬರ ಚಹಾದಲ್ಲಿ ಸಕ್ಕರೆ ಹೆಚ್ಚು, ಮಾತಿನಲ್ಲಿ ಚೇಷ್ಟೆ ಇನ್ನೂ ಹೆಚ್ಚು.

ಒಂದು ಸಲ ಕೊರ್ಲಹಳ್ಳಿಯ ಮದುವೆ ಮನೆಯ ಸೀರೆ ಗಂಟು ಮುಂಡರಗಿ ಗಾಡಿ ಹತ್ತುವ ಬದಲು ಶಿರಹಟ್ಟಿಗೆ ಹೋಗಿಬಿಟ್ಟಿತು. ಬೀಗರು ಫೋನಿನಲ್ಲಿ ನನ್ನ ಜನ್ಮ ಜಾಲಾಡಿದರು. ನಮ್ಮ ಡ್ರೈವರ್ ಕಳಕೇಶ ಶಿರಹಟ್ಟಿಯಿಂದ ನೇರ ಕೊರ್ಲಹಳ್ಳಿಗೆ ಗಾಡಿ ಓಡಿಸಿ, ಅರಿಶಿಣ ಹಚ್ಚುವ ಹೊತ್ತಿಗೆ ಸೀರೆ ಮುಟ್ಟಿಸಿದ. ಗಂಟಿಗೆ ಕೆಂಪು ನೂಲಿತ್ತಂತೆ.

"ಏನ್ರಿ ಸಾಬರ, ಮುಂಡರಗಿ ಗಂಟಿಗೆ ಕೆಂಪ ಕಟ್ಟೀರಲ್ಲ?" ಅಂದೆ, ಸಿಟ್ಟಿನಲ್ಲೇ.

"ಮುಂಡರಗಿಗೆ ಕೆಂಪ ಅಲ್ಲೇನು ಚನ್ನಬಸಣ್ಣ? ಹಳದಿ ಶಿರಹಟ್ಟಿದು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ನಾವಿಬ್ಬರೂ ಮೀಸೆ ಚಿಗುರುವ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಹಾಗೇ ಇತ್ತು, ಶಿರಹಟ್ಟಿಗೆ ಹಳದಿ, ಮುಂಡರಗಿಗೆ ಕೆಂಪು. ಮುಂದೆ ಮುಂಡರಗಿಯ ಮಾಲು ಹೆಚ್ಚಾಯಿತು. ಮಗ್ಗದ ಮನೆಗಳಲ್ಲಿ ಹಳದಿ ನೂಲೇ ಹೆಚ್ಚು ಸಿಗುತ್ತದೆಂದು ಸಾಬರೇ ಎರಡನ್ನೂ ಅದಲುಬದಲು ಮಾಡಿದ್ದರು. ಈಗ ಅವರ ತಲೆಯಲ್ಲಿ ನಡುವಿನ ವರ್ಷಗಳೆಲ್ಲ ಅಳಿಸಿಹೋಗಿದ್ದವು. ನಾನು ಹೇಳಿದ ಮೇಲೆ ಕೈಯಲ್ಲಿದ್ದ ನೂಲನ್ನು ನೋಡುತ್ತ ನಿಂತರು. ಅಂಥ ಮುಖವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ.

ಮರೆವಿನ ಕಾಯಿಲೆ, ಹೆಚ್ಚುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಮರುದಿನವೇ ಸಾಬರು ನಮ್ಮ ಮಾಲೀಕ ಸೋಮೇಶನ ಮುಂದೆ ಹೋಗಿ ನಿಂತರು.

"ಸಾಹುಕಾರ್ರ, ಒಂದು ಕಂಪ್ಯೂಟರ ತರಸ್ರಿ."

ಸೋಮೇಶ ನಕ್ಕ. "ನೀವ ಇರಬೇಕಾದ್ರ ಅದ್ಯಾಕ ಬೇಕ್ರಿ ಚಾಚಾ?"

"ನಾ ಇರತೀನ್ರಿ. ತಲಿ ಇರೂದಿಲ್ಲ. ಇದರಾಗ ಇರೂದನ್ನೆಲ್ಲಾ ಜಲ್ದಿ ತಗದು ಎಲ್ಲ್ಯರ ಹಾಕಿಡ್ರಿ. ನನ್ನ ಸಂಗಾಟ ಹೋತಂದ್ರ ನಿಮ್ಮ ಆಫೀಸ ಕುರುಡ ಆಗತೈತಿ."

ಹೀಗೆ ಬಂದವಳು ಶೃತಿ. ಮುಂಡರಗಿಯ ಹುಡುಗಿ, ಗದಗಿನ ಅಂಗಡಿ ಆಫೀಸುಗಳಿಗೆ ಇಂಥ ವ್ಯವಸ್ಥೆ ಕಟ್ಟಿಕೊಡುವವಳು. ನನಗೆ ಮೊದಲಿನಿಂದಲೂ ಯಂತ್ರವೆಂದರೆ ಅಷ್ಟಕ್ಕಷ್ಟೆ. "ಈ ಡಬ್ಬಿ ಏನ ಮಾಡತೈತೆವಾ?" ಎಂದು ಕೆಣಕಿದೆ.

"ಡಬ್ಬಿ ಒಂದ ಅಲ್ರಿ ಕಾಕಾ," ಅಂದಳು. "ಖಬರ ತರೂದು, ಜ್ವಾಕಿ ಮಾಡೂದು, ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ಮುಟ್ಟಸೂದು, ಇದೆಲ್ಲಾ ಕೂಡಿದ್ರ ಮಾಹಿತಿ ವ್ಯವಸ್ಥೆ. ನೀವು, ಹಮಾಲ್ರು, ಚಾಚಾನ ನೂಲು, ಎಲ್ಲಾ ಅದರಾಗ ಬರತೈತಿ."

ನನ್ನನ್ನೂ ಸೇರಿಸಿದ್ದಕ್ಕೆ ಅವಳಿಗೂ ಒಂದು ಚಹಾ ಹೇಳಿದೆ.

ಬೆಳಗಿನ ಹೊತ್ತು ಸಾಬರ ತಲೆ ತಿಳಿಯಾಗಿರುತ್ತಿತ್ತು. ಅದನ್ನು ನೋಡಿಕೊಂಡು ಶೃತಿ ಮೊದಲ ಬಸ್ಸಿಗೇ ಬರುತ್ತಿದ್ದಳು. ಅವಳು ಕೇಳುವುದು, ಅವರು ಹೇಳುವುದು, ಅವಳು ಕಂಪ್ಯೂಟರಿನಲ್ಲಿ ಒತ್ತುವುದು. ಇಬ್ಬರು ಅಂದಪ್ಪಂದಿರು ಒಳಗೆ ಹೋದರು, ಬಳೆ ಅಂಗಡಿ ಹೋಯಿತು, ಹಮ್ಮಿಗಿಯ ಪಂಪು ಹೋಯಿತು. ಕೆಲವು ದಿನ ಮಾತು ಹೊಳೆಯ ಹಾಗೆ ಹರಿಯುತ್ತಿತ್ತು. ಕೆಲವು ದಿನ ಗಿರಾಕಿಯ ಹೆಸರು ಹೇಳಿ ಮುಂದಿನದು ತೋಚದೆ, "ಹೋತು ಬೇಟಿ, ಅದೂ ಹೋತು" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಕಾಯಿಲೆ ಮುಂದೋ ಹುಡುಗಿ ಮುಂದೋ ಎಂದು ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಹೆಚ್ಚಿನದೆಲ್ಲ ಉಳಿಯಿತು. ಕೊನೆಯ ದಿನ ಸಾಬರು, "ಗಿರಾಕಿ ಹೆಸರಿನಾಗ ನಂದೂ ಒಂದು ಹಾಕು" ಅಂದರು.

"ನಿಮಗ್ಯಾರು ಪಾರ್ಸಲ್ ಕಳಸತಾರ್ರಿ ಚಾಚಾ?"

"ಯಾರೂ ಇಲ್ಲ. ಆದ್ರ ನಾ ಇಲ್ಲಿಗೆ ಬಂದ ಬರತೀನಿ. ಕಾಲಿಗೆ ದಾರಿ ನೆಪ್ಪ ಇರತೈತಿ. ಬಂದಾಂವ ಯಾರು ಅಂತ ಇಲ್ಲಿದ್ದವರಿಗರ ಗೊತ್ತಾಗಲಿ."

ಏನೇನು ಬರೆಯಬೇಕೆಂದು ಅವರೇ ಮೆಲ್ಲಗೆ ಹೇಳಿದರು. ಶೃತಿ ತಲೆ ಎತ್ತದೆ ಒತ್ತುತ್ತ ಹೋದಳು.

ಆಮೇಲೆ ಗಂಟುಗಳಿಗೆ ನೂಲಿನ ಬದಲು ಸ್ಟಿಕರ್ ಬಂತು. ಅದಕ್ಕೆ ಮೊಬೈಲ್ ಹಿಡಿದರೆ ಊರಿನ ಹೆಸರನ್ನು ಮೊಬೈಲೇ ಕೂಗುತ್ತದೆ, ಹಮಾಲರಿಗೆ ಏನೂ ತೊಂದರೆಯಾಗಲಿಲ್ಲ. ಯಾವ ವಾರ ಯಾವ ಊರಿಗೆ ಎಷ್ಟು ಮಾಲು ಎಂದು ನೋಡಿ ಸೋಮೇಶ ಮುಂಡರಗಿಗೆ ಇನ್ನೊಂದು ಗಾಡಿ ಹಾಕಿದ. ಮೊದಲಾದರೆ ಇಂಥದ್ದಕ್ಕೆ ಸಾಬರ ಮುಖ ನೋಡುತ್ತಿದ್ದ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನು ಬಹಳ ದಿನ ಕೀಬೋರ್ಡನ್ನು ಬೈದುಕೊಂಡು, ಕಡೆಗೆ ಕಲಿತೆ. ವ್ಯವಸ್ಥೆ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಅದರ ಜೊತೆ ಕೂತು ಚಹಾ ಕುಡಿಯಲು ಮಾತ್ರ ಬರುವುದಿಲ್ಲ.

ಸಾಬರು ಮನೆಯಲ್ಲುಳಿದರು. ಅವರ ಕುರ್ಚಿಗೆ ಶಾಹಿಸ್ತಾ ಎಂಬ ಹೊಸ ಹುಡುಗಿ ಬಂದಳು. ಅವಳು ಸಾಬರನ್ನು ಕಂಡವಳೇ ಅಲ್ಲ.

ಮೊನ್ನೆ ಮಧ್ಯಾಹ್ನ ಬಾಗಿಲಲ್ಲಿ ಸಾಬರು ನಿಂತಿದ್ದರು. ಒಂದು ಕಾಲಿಗೆ ಮಾತ್ರ ಚಪ್ಪಲಿ. ನಾನು ಎದ್ದು ಹತ್ತಿರ ಹೋದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಹೊಸಬರೇನ್ರಿ?" ಎಂದು ಕೇಳಿದರು. ಅತ್ತರೆ ಅವರು ಗಾಬರಿಯಾದಾರು ಎಂದು ಬೇರೆ ಕಡೆ ಮುಖ ಮಾಡಿದೆ.

ಶಾಹಿಸ್ತಾ ರೂಢಿಯಂತೆ ಕೇಳಿದಳು: "ಹೆಸರೇನ್ರಿ?"

"ಮರ್ದಾನಸಾಬ. ಬೆಟಗೇರಿ."

ಅವಳು ಒತ್ತಿದಳು. ಪರದೆಯ ಮೇಲೆ ಬಂದದ್ದನ್ನು ಓದಿದಳು, ಮತ್ತೊಮ್ಮೆ ಓದಿದಳು. ನಾನೂ ಬಗ್ಗಿ ನೋಡಿದೆ. 'ಈ ಮನಷ್ಯಾ ಬಂದ್ರ ಕುಂಡ್ರಸ್ರಿ. ಚಹಾ ಕೊಡ್ರಿ, ಸಕ್ಕರಿ ಹೆಚ್ಚಿಗಿ. ನೌಕರಿ ಬಿಟ್ಟೀರಿ ಅಂತ ಹೇಳಬ್ಯಾಡ್ರಿ. ಕೈಯಾಗ ನೂಲು ಕೊಡ್ರಿ. ಅಮೀನಬಿಗೆ ಫೋನ ಹಚ್ರಿ.'

ಶಾಹಿಸ್ತಾ ಎದ್ದು ತನ್ನ ಕುರ್ಚಿಯನ್ನೇ ಕೊಟ್ಟಳು. "ಬರ್ರಿ ಚಾಚಾ, ಕುಂಡ್ರಿ. ಭಾಳ ಕೆಲಸ ಐತಿ."

ಮೇಜಿನ ಡ್ರಾಯರಿನ ಮೂಲೆಯಲ್ಲಿ ಹಳೆಯ ನೂಲಿನ ಉಂಡೆಗಳು ಇನ್ನೂ ಇದ್ದವು. ತೆಗೆದುಕೊಟ್ಟು ಅಮೀನಬಿಗೆ ಫೋನ್ ಹಚ್ಚಿದೆ. ಚಹಾ ಕುಡಿದು ಸಾಬರು ತೋಳು ಮಡಚಿದರು. ಎದುರಿಗಿದ್ದ ಗಂಟಿನ ವಿಳಾಸವನ್ನು ಬೆರಳಿಟ್ಟು ಓದಿದರು. ಶಿರಹಟ್ಟಿಯದು. ಉಂಡೆಗಳಲ್ಲಿ ಹುಡುಕಿ, ನಾವು ಕೆಲಸಕ್ಕೆ ಸೇರಿದಾಗಿನ ಲೆಕ್ಕದಂತೆ ಹಳದಿಯನ್ನೇ ಆರಿಸಿ, ಮೂಲೆಗೆ ಬಿಗಿಯಾಗಿ ಕಟ್ಟಿದರು. ನಾನು ಬಿಚ್ಚಲಿಲ್ಲ.

ಗಾಡಿ ತುಂಬಲು ಬಂದ ಕಳಕೇಶ ಸ್ಟಿಕರಿಗೆ ಮೊಬೈಲ್ ಹಿಡಿದ. ಅದು "ಶಿರಹಟ್ಟಿ" ಎಂದು ಕೂಗಿತು.

"ಮತ್ತ?" ಅಂದರು ಸಾಬರು, ನನ್ನ ಕಡೆ ನೋಡಿ ಹಳೆಯ ಚೇಷ್ಟೆಯಲ್ಲೇ ನಗುತ್ತ. "ಹಳದಿ ಕಟ್ಟೀನಲ್ಲ."