ಸೈರನ್ ಮಾವನ ರಾಜ

ನಮ್ಮ ಬೀದಿಯಲ್ಲಿ ಮಕ್ಕಳು, ದೊಡ್ಡವರು ಎಲ್ಲರಿಗೂ ಅವರು ಸೈರನ್ ಮಾವ. ಮಂತ್ರಿಗಳ ಕಾರಿನ ಮುಂದೆ ಸೈರನ್ ಹಾಕಿಕೊಂಡು ಓಡುವ ಪೊಲೀಸ್ ಜೀಪಿಗೆ ಡ್ರೈವರ್. ಹತ್ತೊಂಬತ್ತು ವರ್ಷದಲ್ಲಿ ಜೀಪು ಒಂದು ಸಿಗ್ನಲ್ಲಿಗೂ ನಿಂತಿಲ್ಲ ಎಂಬುದು ಅವರ ಹೆಮ್ಮೆ. ಮನೆಯಲ್ಲಿ ಮಾತ್ರ ಹೆಂಡತಿ ಕೆಂಪು ದೀಪ ಹಾಕಿದರೆ ನಿಲ್ಲಲೇಬೇಕು ಎಂದು ತಮಾಷೆ ಮಾಡುತ್ತಿದ್ದರು.

ಚರ್ಚಿನ ಗಾಯನ ತಂಡದಲ್ಲಿ ನಾನು ಅವರ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಯೇಸುವನ್ನು ರಾಜನೆಂದು ಕೊಂಡಾಡುವ ಹಾಡು ಬಂದರೆ ಅವರಿಗೆ ಎಲ್ಲಿಲ್ಲದ ಹುರುಪು. "ನಮ್ಮ ಮಂತ್ರಿ ಸಾಹೇಬ್ರಿಗೇ ಇಷ್ಟು ದಾರಿ ಬಿಡ್ತಾರೆ. ಯೇಸು ಮತ್ತೆ ಬಂದಾಗ ಹೇಗಿರುತ್ತೆ, ಯೋಚ್ನೆ ಮಾಡಿ!" ಎನ್ನುತ್ತಿದ್ದರು.

ಒಬ್ಬಳೇ ಮಗಳು, ಒಂಬತ್ತು ವರ್ಷ. ಚಿಕ್ಕಂದಿನಿಂದ ಉಬ್ಬಸ. ಒಂದು ಮಂಗಳವಾರ ಮಧ್ಯಾಹ್ನ ಶಾಲೆಯಲ್ಲಿ ಅವಳಿಗೆ ಉಸಿರು ಕಟ್ಟಿತು. ತಾಯಿ ಓಡಿಹೋಗಿ ಆಂಬುಲೆನ್ಸಿಗೆ ಹತ್ತಿಸಿದರು. ಆಸ್ಪತ್ರೆಗೆ ಇನ್ನೆರಡು ತಿರುವು ಇದೆ ಎನ್ನುವಾಗ ರಸ್ತೆ ಮುಚ್ಚಿತ್ತು. ಮಂತ್ರಿಗಳು ಬರುವವರಿದ್ದರು. ಹನ್ನೊಂದು ನಿಮಿಷದ ಮೇಲೆ ಜೀಪು ಬಂತು, ಹಿಂದೆ ಕಾರುಗಳ ಸಾಲು. ಬ್ಯಾರಿಕೇಡಿನ ಆಚೆ ನಿಂತಿದ್ದ ಆಂಬುಲೆನ್ಸ್ ಮಾವನ ಕಣ್ಣಿಗೆ ಬಿದ್ದಿತ್ತು. ಪಾಪ, ಯಾರೋ ಏನೋ ಎಂದುಕೊಂಡು ಗೇರ್ ಬದಲಿಸಿದ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ಹೋಗಿಬಿಟ್ಟಿತ್ತು.

ಅವರು ಮತ್ತೆ ಆ ಜೀಪು ಹತ್ತಲಿಲ್ಲ. ಚರ್ಚಿಗೂ ಬರಲಿಲ್ಲ. ಎರಡು ತಿಂಗಳ ಮೇಲೆ ನಾನು ಮನೆಗೆ ಹೋದಾಗ ಅಡುಗೆಮನೆಯ ಗೋಡೆಗೊರಗಿ ಕೂತಿದ್ದರು. ಗಡ್ಡ ಬೆಳೆದಿತ್ತು. ಪಕ್ಕದಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದರು.

"ಭಾನುವಾರ ಬನ್ನಿ ಮಾವ," ಎಂದೆ.

"ಬಂದು ಏನಂತ ಹಾಡ್ಲಿ? ರಾಜ ಅಂತಾನಾ? ಆ ಮಾತು ಬಾಯಿಗೆ ಬಂದ್ರೆ ಕಿವೀಲಿ ಸೈರನ್ನೇ ಕೇಳ್ಸುತ್ತೆ. ರಾಜರ ಸೇವೆ ಮಾಡಿದ್ದು ಸಾಕಪ್ಪ."

ಹೆಂಡತಿ ತಲೆಯೆತ್ತದೆ ಹೇಳಿದರು: "ನಮ್ಮ ರಾಜ ಜೀಪಿನ ಹಿಂದೆ ಬರೋನಲ್ಲ ರೀ. ಕತ್ತೆ ಮೇಲೆ ಬಂದೋನು. ಮುಳ್ಳಿನ ಕಿರೀಟ ಇಟ್ಟು ಜನ ನಕ್ಕಿದ್ದು ಅವನನ್ನ ನೋಡಿ. ಆವತ್ತು ಅವನು ಆಂಬುಲೆನ್ಸ್ ಒಳಗಿದ್ದ, ನಮ್ಮ ಜೊತೆ."

"ಇದ್ದು ಏನು ಮಾಡ್ದ?"

"ಗೊತ್ತಿಲ್ಲ." ಕೈಯಲ್ಲಿದ್ದ ಚಾಕು ನಿಂತಿತು. "ಅಳ್ತಿದ್ದ ಅನ್ಸುತ್ತೆ. ದಾರಿ ಬಿಡಿ ಅಂತ ನಾನು ಕೂಗಿದ್ದು ಯಾರಿಗೂ ಕೇಳ್ಲಿಲ್ಲ. ಅವನು ಕೂಗಿದ್ದೂ ಕೇಳ್ಲಿಲ್ಲ."

"ನನಗೂ ಕೇಳ್ಲಿಲ್ಲ," ಎಂದರು ಮಾವ. ಮಣ್ಣು ಮಾಡುವಾಗಲೂ ಅಳದಿದ್ದ ಮನುಷ್ಯ ಬಿಕ್ಕಿಬಿಕ್ಕಿ ಅತ್ತರು. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಅವರ ಬೆನ್ನ ಮೇಲೆ ಇಟ್ಟರು. ಕ್ಷಮಿಸಿದೆ ಎನ್ನಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

ಈಗ ಅವರು ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಾರೆ. ಚರ್ಚಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಹೋದ ವಾರ ಪ್ರಾರ್ಥನೆ ಮುಗಿದ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದರು.

"ದಿನಾ ಬೆಳಿಗ್ಗೆ ಅವನ ಹತ್ರ ಜಗಳ ಆಡ್ತೀನಿ. ಅವಳನ್ನ ಯಾಕೆ ಉಳಿಸ್ಲಿಲ್ಲ ಅಂತ ಬಾಯಿಗೆ ಬಂದಂಗೆ ಬೈತೀನಿ. ಸಾಹೇಬ್ರ ಮುಂದೆ ಹಂಗೆ ನಿಲ್ಲೋಕಾಗ್ತಿತ್ತಾ? ಇವನು ಒಂದು ದಿನಾನೂ ಹೊರಗೆ ಹೋಗು ಅಂದಿಲ್ಲ."

ಕಣ್ಣೊರೆಸಿಕೊಂಡು, ಹೆಂಡತಿ ಕಾಯುತ್ತಿದ್ದ ಗೇಟಿನ ಕಡೆ ನಡೆದರು.