ಸ್ಟೈನ್‌ಬೈಸರ್‌ನ ಮುಖ

ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಆಂಟಿ ಮಲ್ಪೆಯವರು. ಮೀನಂಗಡಿಗೆ ಹೋದರೆ ಮೀನು ತಾಜಾ ಉಂಟಾ ಎಂದು ನೋಡಲು ಅವರ ಹೆಬ್ಬೆರಳು ತಾನಾಗಿಯೇ ಕಿವಿರು ಹುಡುಕುತ್ತಿತ್ತು. ಇಲ್ಲಿ ಸ್ಟೈನ್‌ಬೈಸರ್ ಎಂಬ ಶೀತಲ ಕಡಲಿನ ಮೀನನ್ನು ತಲೆ, ಚರ್ಮ ತೆಗೆದು ಬರೀ ಬಿಳಿ ತುಂಡುಗಳಾಗಿ ಮಾರುತ್ತಾರೆ. ಮುಖ ಕಂಡರೆ ಗಿರಾಕಿಗಳು ಹೆದರುತ್ತಾರಂತೆ.

“ಮುಖ ನೋಡದೆ ಎಂತ ಮೀನು ತಕ್ಕೊಳ್ಳುದು ಮಾರಾಯ್ತಿ?” ಎಂದು ಪ್ರತಿ ಸಲ ಗೊಣಗುತ್ತಿದ್ದರು. ಪ್ರತಿ ಸಲ ಅದನ್ನೇ ತಂದು ಗಸಿ ಮಾಡುತ್ತಿದ್ದರು.

ಒಮ್ಮೆ ನಾವಿಬ್ಬರೂ ಉತ್ತರ ಜರ್ಮನಿಯ ಕಡಲತೀರದ ಊರೊಂದರ ಅಕ್ವೇರಿಯಂಗೆ ಹೋದೆವು. ತಳದ ಬಂಡೆಯ ಸಂದಿಯಲ್ಲಿ ಅದೇ ಮೀನು ಮಲಗಿತ್ತು. ಸುಕ್ಕುಗಟ್ಟಿದ ಮೋರೆ, ಏಡಿಯ ಚಿಪ್ಪು ಒಡೆಯುವ ಅಡ್ಡಾದಿಡ್ಡಿ ಹಲ್ಲುಗಳು. ಮೊಟ್ಟೆಗಳ ಮುದ್ದೆಯನ್ನು ಮೈಯಿಂದ ಸುತ್ತಿ ಹಿಡಿದಿತ್ತು. ಅದು ಗಂಡು ಮೀನು; ಮರಿಗಳು ಹೊರಬರುವವರೆಗೆ ತಿಂಗಳುಗಟ್ಟಲೆ ಉಪವಾಸವಿದ್ದು ಕಾಯುತ್ತದೆ ಎಂದು ಫಲಕ ಓದಿ ಹೇಳಿದೆ. ಆಂಟಿ ಗಾಜಿಗೆ ಹಣೆ ಒತ್ತಿ ನಿಂತೇಬಿಟ್ಟರು.

“ಚಂದ ಉಂಟಲ್ಲ! ಇದಕ್ಕೆ ಹೆದರುದಾ ಇವರು?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಮುಖ ನೋಡಿ ಆಯ್ತು. ಇನ್ನು ತಿನ್ಲಿಕ್ಕೆ ಆಗುದಿಲ್ಲ.”

ಮತ್ತೆಂದೂ ಅದನ್ನು ತರಲಿಲ್ಲ.

ಹೋದ ಚಳಿಗಾಲ ಆಂಟಿ ತೀರಿಕೊಂಡಾಗ ನಾನು ಭಾರತದಲ್ಲಿ, ನಮ್ಮ ಊರಲ್ಲಿದ್ದೆ. ಓಡಿ ಬರುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿಯಾಗಿತ್ತು. ಒಂದೇ ಒಂದು ಸಲ ಮುಖ ನೋಡುತ್ತೇನೆ ಎಂದು ಬೇಡಿಕೊಂಡೆ. ಕಪ್ಪು ಕೋಟಿನ ಶವಸಂಸ್ಕಾರದವನು ನನ್ನ ಭುಜ ಮುಟ್ಟಿ, ಬಹಳ ಮೃದುವಾಗಿ ಜರ್ಮನ್‌ನಲ್ಲಿ ಹೇಳಿದ:

“ಬೇಡ. ನೀವು ಹೆದರುತ್ತೀರಿ.”